ಹಿಂದಿನ ಸೀಟಿನ ರಾಣಿ

“ಮೀಟರ್ ಬಂದ್ ಮಾಡ್ಯಾನೇನು? ಖರೇ ಹೇಳಪಾ.”

“ಹೂಂ ಭಾಭಿ. ಚಿತ್ರದಾಗ ಗಾಡಿ ಮೆಹಬೂಬಣ್ಣಂದು, ಮೀಟರ್ ಬಂದ್. ಹಿಂದಿನ ಸೀಟಿನಾಗ ಕಿರೀಟದ ರಾಣಿ. ಮಾರಿ ಕಾಣಂಗಿಲ್ಲ, ಆ ಕಡೆ ಹೊಳ್ಳ್ಯಾಳ.”

“ನಿಮ್ಮಣ್ಣನ ಮಾರಿ ನೋಡಿ ಹೊಳ್ಳಿರಬೇಕು!” ದಿಲ್‌ಶಾದ್ ನಕ್ಕಳು. ಗಾಡಿ ಓಡಿಸುತ್ತಿದ್ದ, ಗಂಡನ ಗೆಳೆಯ ಗುರುಲಿಂಗಪ್ಪ ನಗಲಿಲ್ಲ. ಡೆಸ್ ಪ್ಲೇನ್ಸಿನ ಮನೆ ಬಿಟ್ಟಾಗಿನಿಂದ ಅವಳು ಇದನ್ನೇ ಸಾವಿರ ಸಲ ಕೇಳಿದ್ದಳು.

ಅವಳ ತೀರಿಹೋದ ಗಂಡ ಮೆಹಬೂಬನ ಟ್ಯಾಕ್ಸಿಯಲ್ಲಿ ಒಂದು ಬೇಸಿಗೆಯಿಡೀ ಶಿಕಾಗೋ ಸುತ್ತಿದವನು ಚೀನಾದ ಒಬ್ಬ ಚಿತ್ರಗಾರ. ದಿಲ್‌ಶಾದಳನ್ನು ಅವನು ಕಂಡವನೇ ಅಲ್ಲ. ಅವನ ಚಿತ್ರ ಚಾಪೆಯಂತೆ ಸುತ್ತಿಡುವಂಥದ್ದು. ಬಿಚ್ಚಿದರೆ ಚೀನಾದ ಗೋಡೆಯಷ್ಟು ಉದ್ದ. ಹಳೆಯ ಚಕ್ರವರ್ತಿಗಳು ಬರ್ಗರಿಗೆ ಸಾಲು ನಿಂತಿದ್ದರು. ಸನ್ಯಾಸಿ ಸೆಲ್‌ಫೋನಿನಲ್ಲಿ ಕಿರುಚುತ್ತಿದ್ದ. ಸೇನಾಪತಿಯ ಕುದುರೆಗೆ ಪಾರ್ಕಿಂಗ್ ಟಿಕೆಟ್ ಅಂಟಿಸಿದ್ದರು.

ಮ್ಯೂಸಿಯಮ್ಮಿನಲ್ಲಿ ಮೊದಲ ದಿನ ಅದನ್ನು ಪೂರ್ತಿ ಬಿಚ್ಚಿ ತೋರಿಸಿದಾಗ ಗುರುಲಿಂಗಪ್ಪ ನೋಡಿಬಂದ. ದಿಲ್‌ಶಾದ್ ಇದ್ದತ್‌ನಲ್ಲಿದ್ದಳು, ಗಂಡ ಸತ್ತವಳು ಹೊಸ್ತಿಲು ದಾಟುವಂತಿರಲಿಲ್ಲ. ಆಮೇಲೆ ಬೆಳಕಿಗೆ ಬಣ್ಣ ಮಾಸುತ್ತದೆಂದು ತಿಂಗಳಿಗೊಂದು ತುಂಡಷ್ಟೇ ಬಿಚ್ಚಿದರು. ಟ್ಯಾಕ್ಸಿಯಿರುವ ಕೊನೆಯ ತುಂಡು ಇವತ್ತು.

ಆ ಟ್ಯಾಕ್ಸಿಯಲ್ಲಿ ದಿಲ್‌ಶಾದ್ ಒಮ್ಮೆಯೂ ಕೂತವಳಲ್ಲ. ಲೇಕ್ ತೋರಿಸು ಎಂದರೆ ಮೆಹಬೂಬ್, “ಹಿಂದ ಕುಂದ್ರಾಕ ನೀ ರಾಣಿ ಏನ?” ಎನ್ನುತ್ತಿದ್ದ. ಒಲೆ ಮುಂದೆ ಅವಳು ಕೈಯೆತ್ತಿದರೆ, ಅವಳ ಹಸಿರು ಸ್ವೆಟರಿನ ಮೊಣಕೈಗೆ ಹಾಕಿದ ಕೆಂಪು ತೇಪೆ ತೋರಿಸಿ, “ಸಿಗ್ನಲ್ ಬಿತ್ತು, ನಿಲ್ರಿ!” ಎಂದು ಹಂಗಿಸುತ್ತಿದ್ದ. ಮೆಚ್ಚಿ ಒಂದು ಮಾತು ಆಡಿದವನಲ್ಲ. ಅಂಥವನು ಬಿಟ್ಟಿಯಾಗಿ ಯಾರನ್ನು ಸುತ್ತಿಸಿದ?

“ಹೋಗ್ಲಿ ಬಿಡ್ರಿ ಭಾಭಿ, ಹೊಳ್ಳಿ ಮನೀಗೆ ಹೋಗೂಣು.”

“ಅಕಿ ಚಂದ ಇದ್ರ ಮಾಫ್ ಮಾಡ್ತೀನಿ. ನನಗಿಂತ ಕುರೂಪಿ ಇದ್ರ ಮಾತ್ರ ಖಬರಸ್ತಾನಕ್ಕ ಹೋಗಿ ಅವನ್ನ ಎಬ್ಬಸ್ತೀನಿ!”

ಬಾಯಿ ಹಾಗಂದರೂ ಮ್ಯೂಸಿಯಮ್ಮಿನ ಮೆಟ್ಟಿಲಲ್ಲಿ ಅವಳು ನಿಂತುಬಿಟ್ಟಳು. ಗುರುಲಿಂಗಪ್ಪ ಕೈಹಿಡಿದು ಹತ್ತಿಸಿದ.

ಗಾಜಿನ ಕೆಳಗೆ ಮೆಹಬೂಬ್ ಕೂತಿದ್ದ. ಅದೇ ಸೊಟ್ಟ ಟೋಪಿ. ತುಟಿಯಲ್ಲಿ ಅವಳೆಂದೂ ಕಾಣದ ನಗು. ಪಲ್ಲಕ್ಕಿ, ಬಸ್ಸು, ಆನೆ, ಅರಸರು, ಇಡೀ ಊರೇ ಅವನ ಗಾಡಿಯ ಸುತ್ತ ನಿಂತುಬಿಟ್ಟಿತ್ತು.

“ಎಲ್ಲೂ ಸಿಗ್ನಲ್ಲೇ ಇಲ್ಲ. ಯಾಕ ನಿಂತಾವೋ,” ಎಂದು ಗೊಣಗಿದ ಗುರುಲಿಂಗಪ್ಪ.

ದಿಲ್‌ಶಾದ್ ಗಾಜಿಗೆ ಮೂಗು ತಾಗುವಷ್ಟು ಬಗ್ಗಿದಳು.

ಲೇಕಿನ ಕಡೆ ಮುಖ ಮಾಡಿದ್ದ ರಾಣಿ ಕಿಟಕಿಯಿಂದ ಮೊಣಕೈ ಹೊರಚಾಚಿದ್ದಳು. ರೇಷ್ಮೆ ನಿಲುವಂಗಿಯ ಆ ಹಸಿರು ತೋಳಿಗೆ ಸಾಸಿವೆಯಷ್ಟು ಕೆಂಪು ತೇಪೆ ಹಾಕಿತ್ತು.