ಅಮೆರಿಕಕ್ಕೆ ಬೇವಿನೆಲೆ

ನಿವೃತ್ತ ಪ್ರೊಫೆಸರರ ಮನೆಯಲ್ಲಿ ಅಮೆರಿಕದ ಇತಿಹಾಸಕ್ಕೆ ಇದ್ದಷ್ಟು ಜಾಗ ಅವರ ಹೆಂಡತಿ ಇಂದುಮತಮ್ಮನಿಗೆ ಇರಲಿಲ್ಲ. ಲಿಂಕನ್ ಮಂಚದಡಿ ಮಲಗಿದ್ದ, ವಾಷಿಂಗ್ಟನ್ ಅಕ್ಕಿ ಡಬ್ಬದ ಮೇಲೆ ಕೂತಿದ್ದ. ನೆಂಟರು ಬಂದರೆ ನಡುಮನೆಯ ಅಂತರ್ಯುದ್ಧವನ್ನು ಪಕ್ಕಕ್ಕೆ ಸರಿಸಿ ಎಲೆ ಹಾಕಬೇಕಿತ್ತು. ಕಾಲು ಚಾಚಿ ಕೂತು ಒಂದು ಸೀರಿಯಲ್ ನೋಡಬೇಕೆಂಬುದು ಆಕೆಯ ಜೀವಮಾನದ ಆಸೆ. ಕೊನೆಗೆ ಗಂಡನನ್ನು ಹೇಗೋ ಒಪ್ಪಿಸಿ, ಪುಸ್ತಕಗಳನ್ನೆಲ್ಲ ಸಾರ್ವಜನಿಕರಿಗೆ ದಾನ ಕೊಡುತ್ತೇವೆಂದು ಊರಿನ ಗ್ರಂಥಾಲಯ ಸಮಿತಿಗೆ ಹೇಳಿಕಳಿಸಿದರು.

ಸಮಿತಿಯ ಅಧ್ಯಕ್ಷರು ಬಂದರು. ಪ್ರೊಫೆಸರರು ಮಗಳನ್ನು ಧಾರೆಯೆರೆಯಲು ಕೂತವರ ಹಾಗೆ ಮುಖ ಸಣ್ಣ ಮಾಡಿಕೊಂಡು ಮೂಲೆ ಹಿಡಿದರು. ಬಂದವರು ಎಲ್ಲಿ ಬೇಡವೆಂದುಬಿಡುತ್ತಾರೋ ಎಂದು ಇಂದುಮತಮ್ಮನೇ ವ್ಯಾಪಾರಕ್ಕೆ ಇಳಿದರು.

"ಮುಟ್ಟಿ ನೋಡಿ ಸಾರ್. ಮೂವತ್ತು ವರ್ಷ ಆದ್ರೂ ಒಂದು ಹುಳ ಬಿದ್ದಿಲ್ಲ. ಪ್ರತಿ ಬೇಸಿಗೇಲೂ ನಾನೇ ಬಿಸಿಲಿಗೆ ಹಾಕಿ, ಒಳಗೆ ಬೇವಿನೆಲೆ ಇಟ್ಟು ಜೋಡಿಸ್ತೀನಿ."

ಅಧ್ಯಕ್ಷರು ಒಂದು ಪುಸ್ತಕ ತೆಗೆದು ಮೂಸಿದರು. ಅವರ ಕಣ್ಣು ತುಂಬಿ ಬಂತು.

"ನಮ್ಮ ಲೈಬ್ರರೀಲಿ ಗೆದ್ದಲು ಓದಿದಷ್ಟು ಮನುಷ್ಯರು ಓದಿಲ್ಲ ತಾಯೀ. ಇಂಥ ಸಂಪತ್ತನ್ನ ಅಲ್ಲಿಗೆ ಸಾಗಿಸಿದ್ರೆ ಪಾಪ ಸುತ್ತಿಕೊಳ್ಳುತ್ತೆ."

"ಹಾಗಂದ್ರೆ, ತಗೊಂಡು ಹೋಗಲ್ವಾ?"

"ಒಂದು ಪುಸ್ತಕಾನೂ ಕದಲಿಸೋದು ಬೇಡ. ನಿಮ್ಮಷ್ಟು ಚೆನ್ನಾಗಿ ಕಾಪಾಡೋರು ಯಾರಿದ್ದಾರೆ? ಸೋಮವಾರದಿಂದ ಓದುಗರನ್ನೇ ಇಲ್ಲಿಗೆ ಕಳಿಸ್ತೀವಿ. ಇವತ್ತು ಪುಸ್ತಕ ಹೊರೋಕೆ ಅಂತ ಮೂರು ಜನ ಜೊತೇಲೇ ಬಂದು ಹೊರಗೆ ನಿಂತಿದ್ದಾರೆ, ಅವರಿಂದಲೇ ಶುರು ಮಾಡೋಣ."

ಪ್ರೊಫೆಸರರು ಮೂಲೆಯಿಂದ ಎದ್ದು, ಪಂಚೆ ಕೊಡವಿಕೊಂಡು ಬಂದರು.

"ಇಂದೂ, ಸಾರ್ವಜನಿಕರಿಗೆ ಕಾಫಿ ತಗೊಂಡು ಬಾ."