ನೆತ್ತಿಯ ಕುಳಿ

ಅವಳ ನೆತ್ತಿಯ ಎಡಬದಿಯಲ್ಲಿ ಮೂಳೆಯಿಲ್ಲದ ಕುಳಿಯೊಂದು ನಾಡಿಯ ಜೊತೆಗೇ ಮೆಲ್ಲಗೆ ಮಿಡಿಯುತ್ತಿತ್ತು.

“ಪಕ್ಕೆಲುಬಿನ ತುಂಡೊಂದನ್ನು ತೆಗೆದು ಇಲ್ಲಿ ಕೂರಿಸ್ತೀವಮ್ಮ. ಪಕ್ಕೆಲುಬು ಮತ್ತೆ ಬೆಳೆದುಕೊಳ್ಳುತ್ತೆ,” ಎಂದರು ಡಾಕ್ಟರು.

“ನಾಳೆಯೇ ಮಾಡಿಬಿಡಿ ಸಾರ್, ಖರ್ಚೆಲ್ಲ ನನ್ನದು,” ಎಂದರು ಜೊತೆಗೆ ಬಂದಿದ್ದ ಅವಲಕ್ಕಿ ಮಿಲ್ಲಿನ ಸಾಹುಕಾರರು. “ನಮ್ಮಲ್ಲಿ ದುಡಿಯೋ ಹೆಣ್ಣುಮಗಳು. ಹೀಗೆ ನೋಡಿದರೆ ಕರುಳು ಚುರುಕ್ ಅನ್ನುತ್ತೆ.”

“ಈಗ ಬೇಡ ಸಾರ್,” ಎಂದಳು ಅವಳು, ಮೂರನೆಯ ಸಲ.

“ಭಯಾನಾ ತಾಯಿ? ಹೀಗೇ ಬಿಟ್ಟರೆ ಸಣ್ಣ ಪೆಟ್ಟು ಬಿದ್ದರೂ ಜೀವಕ್ಕೆ ಅಪಾಯ,” ಎಂದರು ಡಾಕ್ಟರು.

ಅವಳು ತಲೆಯ ಮೇಲಿನ ಸೆರಗನ್ನು ಪೂರ್ತಿ ಸರಿಸಿದಳು.

“ಭಯ ಇದೆ. ಆದರೆ ನನ್ನನ್ನ ಹೊಡೆದೇ ಇಲ್ಲ ಅಂತ ಈ ಸಾವ್ಕಾರ್ರು ಕೋರ್ಟಲ್ಲಿ ಹೇಳ್ತಿದ್ದಾರೆ. ಜಡ್ಜ್ ಸಾಹೇಬರು ಮೊದಲು ಇಲ್ಲಿ ಬೆರಳಿಟ್ಟು ನೋಡಲಿ, ಆಮೇಲೆ ಮುಚ್ಚಿ.”