ಎಡದ ಟೈರು, ಬಲದ ಟೈರು

ಟೈರ್ ಅಂಗಡಿಯ ರಾಮಪ್ರಸಾದ ಬಗ್ಗಿ, ಕಾರಿನ ಮುಂದಿನ ಟೈರಿನ ಮೇಲೆ ಅಂಗೈ ಆಡಿಸಿ, "ಬೋಳಾಗಿದೆ ಯಜಮಾನ್ರೇ" ಎಂದ. ಗಂಗಾಧರಯ್ಯ ಟೈರನ್ನು ನೋಡಲಿಲ್ಲ, ಮಗಳನ್ನು ನೋಡಿದರು.

ಶೃತಿ ನೆಲ ನೋಡಿದಳು. ಹೋದ ವರ್ಷ ಯುಗಾದಿಗೆ ಜೆ.ಪಿ. ನಗರದ ಇದೇ ಅಂಗಡಿಯಲ್ಲಿ, ಮಾಮೂಲಿ ಟೈರು ಸಾಕು ಅಂದ ಅಪ್ಪನ ಬೆನ್ನು ಬಿದ್ದು, ದುಪ್ಪಟ್ಟು ಬೆಲೆಯ ಫಾರಿನ್ ಟೈರು ನಾಲ್ಕನ್ನೂ ಹಾಕಿಸಿದವಳು ಅವಳೇ. ಐದು ವರ್ಷ ಈ ಕಡೆ ತಲೆ ಹಾಕೋ ಹಾಗಿಲ್ಲ ಎಂದು ಭರವಸೆ ಕೊಟ್ಟವಳೂ ಅವಳೇ. ಇಪ್ಪತ್ತೆರಡು ಸಾವಿರ ಕಿಲೋಮೀಟರಿಗೆ ಹೀಗಾಗಿತ್ತು. ಇವಳು ಬ್ರೇಕ್ ತುಳಿಯೋ ರೀತಿಗೆ ಕಬ್ಬಿಣದ ಚಕ್ರವೂ ಸವೆಯುತ್ತೆ ಎಂದು ಅಣ್ಣ ಕೆಂಪರಾಜು ಬೆಳಿಗ್ಗೆ ಕಾಫಿ ಕುಡಿಯುತ್ತಾ ಹೇಳಿದ್ದ. ಅದು ನಿಜವೇ ಆದರೆ ಇವತ್ತಿನಿಂದ ಕೀ ಅವನ ಕೈಗೆ ಎಂದಿದ್ದರು ಅಪ್ಪ. ಆಮೇಲೆ ಚಿಕ್ಕಲಸಂದ್ರದ ಸ್ಕೂಲಿಗೆ ಪಾಠ ಹೇಳಲು ಅವಳು ಮತ್ತೆ ಎರಡು ಬಸ್ಸು ಹತ್ತಬೇಕು.

ಒಳ್ಳೆ ಟೈರಿನ ರಬ್ಬರು ಮೆತ್ತಗಿರುತ್ತೆ, ಒದ್ದೆ ರೋಡಲ್ಲೂ ನೆಲ ಕಚ್ಚಿ ಹಿಡಿಯುತ್ತೆ, ಹಿಡಿಯೋದರಿಂದಲೇ ಸವೆಯುತ್ತೆ ಎಂದು ರಾಮಪ್ರಸಾದ ವಿವರಿಸಿದ. ಮಾಮೂಲಿದು ಗಟ್ಟಿ, ಜಾರುತ್ತೆ, ಬಾಳುತ್ತೆ.

"ಅಂದ್ರೆ ಜಾಸ್ತಿ ದುಡ್ಡಿಂದು ಬೇಗ ಹೋಯ್ತದೆ, ಕಮ್ಮಿ ದುಡ್ಡಿಂದು ಬಾಳಿಕೆ ಬತ್ತದೆ?"

"ಹಂಗಲ್ಲ ಯಜಮಾನ್ರೇ." ರಾಮಪ್ರಸಾದ ತಲೆ ಕೆರೆದುಕೊಂಡ. "ಹಂಗೂ ಹೌದು."

ಅಜ್ಜಿಯ ಕತೆಗಳಲ್ಲಾದರೆ ಇಂಥ ಹೊತ್ತಿಗೆ ಮರವೋ ಕಲ್ಲೋ ಬಾಯಿ ಬಿಟ್ಟು ಸಾಕ್ಷಿ ಹೇಳುತ್ತಿತ್ತು. ಟೈರು ಸುಮ್ಮನಿತ್ತು. ಕೊನೆಗೆ ಶೃತಿಯೇ ಕೇಳಿದಳು, ಸವೆದಿದ್ದು ನನ್ನ ಬ್ರೇಕಿನಿಂದಲಾ ಅಂತ. ರಾಮಪ್ರಸಾದ ಕಾರಿನ ಹಿಂದಕ್ಕೆ ಹೋಗಿ, ಹಿಂದಿನ ಟೈರಿನ ಗೀರುಗಳಲ್ಲಿ ಹೆಬ್ಬೆರಳಿನ ಉಗುರು ಇಳಿಸಿ ನೋಡಿದ. ಅರ್ಧಕ್ಕರ್ಧ ಉಳಿದಿತ್ತು.

"ಬ್ರೇಕ್ ಅಲ್ಲಮ್ಮ. ಮುಂದಿಂದು ಹಿಂದಕ್ಕೆ, ಹಿಂದಿಂದು ಮುಂದಕ್ಕೆ, ಎಡದ್ದು ಬಲಕ್ಕೆ ಬದಲಾಯಿಸ್ತಾ ಇರ್ಬೇಕು. ನಾಲ್ಕೂ ಸಮ ಸವೀತವೆ. ನಾನು ಎರಡು ಸಲ ಕೇಳಿದೆ, ಯಜಮಾನ್ರೇ ಬೇಡ ಅಂದ್ರು."

ಶೃತಿ ಅಪ್ಪನ ಕಡೆ ತಿರುಗಿದಳು. ಗಂಗಾಧರಯ್ಯ ಹೆಗಲ ಮೇಲಿನ ಟವೆಲ್ಲನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡರು. ಪುಟ್ಟೇನಹಳ್ಳಿ ಕೆರೆಯ ಕೆಳಗೆ ಅವರು ಎತ್ತು ಕಟ್ಟಿ ಉಳುತ್ತಿದ್ದ ಗದ್ದೆಯಲ್ಲಿ ಈಗ ಹನ್ನೆರಡು ಮನೆಗಳಿದ್ದವು.

"ಎಡಗಡೆ ಪಳಗಿರೋ ಎತ್ತನ್ನ ಬಲಗಡೆ ಕಟ್ತಾರೇನಯ್ಯಾ?" ಎಂದರು ಮೆಲ್ಲಗೆ. "ಗಾಡಿ ತಗೊಂಡೋಗಿ ಹಳ್ಳಕ್ಕೆ ಹಾಕ್ತದೆ."

"ಇದು ರಬ್ಬರು ಯಜಮಾನ್ರೇ."

"ಇರ್ಲಿ. ಅಷ್ಟು ದೂರ ಒಂದೇ ಕಡೆ ಓಡೈತಲ್ಲ."

ಯಾರೂ ನಗಲಿಲ್ಲ. ಗೆದ್ದೆ ಅಂದುಕೊಳ್ಳಬೇಕಾದ ಶೃತಿಗೆ ಅಪ್ಪನ ಮುಖ ನೋಡಿ ಏನೂ ಅನ್ನಿಸದಾಯಿತು. ಹಿಂದಿನವೆರಡನ್ನು ಎಡಬಲ ಅದಲುಬದಲು ಮಾಡಿ ಮುಂದಕ್ಕೆ ಹಾಕೋದು, ಹಿಂದಕ್ಕೆ ಹೊಸವೆರಡು ಎಂದು ಒಪ್ಪಂದವಾಯಿತು. ಹೊಸವು ಫಾರಿನ್ನಾ ಮಾಮೂಲಿಯಾ ಎಂದು ರಾಮಪ್ರಸಾದ ಕೇಳಿದ.

"ಅವಳನ್ನ ಕೇಳು. ಓಡಿಸೋಳು ಅವಳು."

ಯಾವುದು ಸರಿ ಎಂದು ಈಗ ಅವಳಿಗೂ ಗೊತ್ತಿರಲಿಲ್ಲ. "ಫಾರಿನ್ನೇ ಹಾಕಿ" ಎಂದಳು. ಪ್ರಶ್ನೆ ಕೇಳಿದ ಹಾಗಿತ್ತು ದನಿ.

ಕೆಲಸ ಮುಗಿದು ಶೃತಿ ಸ್ಟೇರಿಂಗ್ ಹಿಂದೆ ಕೂತಳು. ಅಪ್ಪ ಹತ್ತಲಿಲ್ಲ. ಕಾರಿನ ಮುಂದೆ ಬಂದು, ಅವಳ ಕಡೆ ಮುಖ ಮಾಡಿ, ಪಕ್ಕ ಬದಲಾದ ಎತ್ತಿನ ಮೂಗುದಾರ ಹಿಡಿದವರ ಹಾಗೆ ಬಾನೆಟ್ಟಿನ ಮೇಲೆ ಒಂದು ಕೈ ಇಟ್ಟು ಹಿಂದಹಿಂದಕ್ಕೆ ಹೆಜ್ಜೆ ಹಾಕತೊಡಗಿದರು. ಶೃತಿ ಫಸ್ಟ್ ಗೇರಿನಲ್ಲೇ ಹಿಂಬಾಲಿಸಿದಳು. ಹಿಂದೆ ಆಟೋಗಳ ಹಾರನ್ ಶುರುವಾಯಿತು. "ಬಾ, ಬಾ, ಮೆಲ್ಲಗೆ. ಹೆದರ್ಕೋಬೇಡ" ಎನ್ನುತ್ತಿದ್ದರು ಅಪ್ಪ. ಅವರ ಕಣ್ಣು ಟೈರಿನ ಮೇಲಿತ್ತು.